ತಳಮಳದ ಹರೆಯದ ಪದ್ಯ: ಹೋಲಿಕೆ, ರೂಪಕ, ಧ್ವನಿಗಳನ್ನು ಬಿಡಿಸುವ ಕ್ರಮ

ಎಸ್‌ಎಸ್‌ಎಲ್‌ಸಿಯಲ್ಲಿ ಅಲಂಕಾರದ ಪ್ರಶ್ನೆಗೆ ಉತ್ತರಿಸುವ ಕ್ರಮ ಎಲ್ಲರಿಗೂ ಗೊತ್ತಿದೆ: ಹೆಸರು, ಲಕ್ಷಣ, ಸಮನ್ವಯ. ಒಂದೇ ಒಂದು ಸಾಲು ಕೊಟ್ಟಾಗ ಈ ಕ್ರಮ ಸಾಕು. ಪಿಯುಸಿಗೋ ಪದವಿಗೋ ಬಂದು ಇಡೀ ಪದ್ಯವನ್ನು ಎದುರಿಗಿಟ್ಟುಕೊಂಡಾಗ, ಅದರಲ್ಲೂ ಹರೆಯದ ಹುಡುಗನ ಅಥವಾ ಹುಡುಗಿಯ ತಳಮಳ ಹೇಳುವ ಪದ್ಯವಿದ್ದಾಗ, ಹೆಸರು ಹಚ್ಚಿ ಮುಗಿಸಿದರೆ ಪದ್ಯ ಕೈಗೆ ಸಿಗುವುದಿಲ್ಲ. ಈ ವಯಸ್ಸಿನವರು ತಮಗೇನಾಗಿದೆ ಎಂದು ನೇರವಾಗಿ ಹೇಳುವುದು ಕಡಿಮೆ. ನೇರ ಮಾತು ಅವರಿಗೆ ತೋಚಿರುವುದಿಲ್ಲ, ತೋಚಿದರೂ ಮನೆಯಲ್ಲಿ ಆಡುವ ಹಾಗಿರುವುದಿಲ್ಲ. ಹೇಳಬೇಕಾದದ್ದೆಲ್ಲ ಹೋಲಿಕೆಯೊಳಗೆ ಹೋಗಿ ಕೂತಿರುತ್ತದೆ. ಹಾಗಾಗಿ ಇಂಥ ಪದ್ಯದಲ್ಲಿ ವಿಷಯ ಹುಡುಕಬೇಕಾದ ಜಾಗವೇ ಹೋಲಿಕೆ.

ಬಳ್ಳಾರಿ, ರಾಯಚೂರು, ಕೊಪ್ಪಳದ ವಿದ್ಯಾರ್ಥಿಗಳಿಗೂ ಅವರಿಗೆ ಪಾಠ ಹೇಳುವವರಿಗೂ ಅನುಕೂಲವಾಗಲೆಂದು ಇಲ್ಲಿನ ಮಾತಿನಲ್ಲೇ ಒಂದು ಪದ್ಯ ಕಟ್ಟಿದ್ದೇವೆ. ಕೆಳಗಿನ ವಿವರಣೆಯೆಲ್ಲ ಇದರ ಮೇಲೆಯೇ ನಡೆಯುತ್ತದೆ.

ಕೊನಿ ಹೊಲ

ಹದಿನಾರು ತುಂಬಿದ್ದು ಯಾರಿಗೂ ಹೇಳಿಲ್ಲ,
ಕನ್ನಡಿಗಷ್ಟ ಗೊತ್ತು, ಅದೂ ಮಾತು ಬಿಟ್ಟೈತಿ.

ಬಳ್ಳಾರಿ ಜಾಲಿ ಇದ್ದಂಗ ಬೆಳದಾನ ನೋಡಂತಾಳ ಅವ್ವ,
ನೀರು ಹಾಕಿದವರು ಯಾರಂತ ಕೇಳಂಗಿಲ್ಲ ಯಾರೂ.

ಅಪ್ಪ ಒಂದು ಗೇಟು. ಮ್ಯಾಲೆತ್ತಿದ್ರ ಬೈಗಳ,
ಇಳಿಸಿದ್ರ ವಾರಗಟ್ಲೆ ಒಣ ಕಾಲುವಿ.

ದನಿ ಒಡದು ಎರಡಾತು:
ಒಂದು ಮನ್ಯಾಗ, ಒಂದು ಬಸ್‌ಸ್ಟ್ಯಾಂಡಿನ್ಯಾಗ.

ಪರೀಕ್ಷಾ ಬಂದು ಬಾಗಲಾ ಬಡದು
ಹೆಸರು ಕೇಳಿ ಹೋತು.

ರಾತ್ರಿ ಫೋನಿನ ಬೆಳಕು ಕುಡಿತೀನಿ,
ಕುಡದಷ್ಟೂ ನೀರಡಿಕಿ.

ನಾನು ಕೊನಿ ಹೊಲ.
ನೀರು ಬಿಟ್ಟಾರಂತ ಪೇಪರ್‌ನ್ಯಾಗ ಓದೀನಿ.

ಮೊದಲು ಬರಿ ಮಾತಿನ ಅರ್ಥ

ಪದ್ಯವನ್ನು ಗಟ್ಟಿಯಾಗಿ ಎರಡು ಸಲ ಓದಿ. ಮೊದಲ ಸಲ ಕೈಯಲ್ಲಿ ಪೆನ್ಸಿಲ್ ಬೇಡ. ಎರಡನೆಯ ಸಲ ಓದಿದ ಮೇಲೆ ಪದ್ಯ ಮುಚ್ಚಿಟ್ಟು, ಅದರಲ್ಲಿ ಏನು ನಡೆಯುತ್ತದೆ ಎಂದು ನಾಲ್ಕೈದು ಸಾದಾ ವಾಕ್ಯಗಳಲ್ಲಿ ಬರೆಯಿರಿ. ಇದೇ ವಾಚ್ಯಾರ್ಥ. “ಹದಿನಾರು ವರ್ಷದ ಹುಡುಗ ಮಾತಾಡುತ್ತಿದ್ದಾನೆ. ತಾಯಿ ಅವನ ಎತ್ತರ ನೋಡಿ ಏನೋ ಅನ್ನುತ್ತಾಳೆ. ತಂದೆ ಬೈಯುತ್ತಾನೆ, ಇಲ್ಲವೇ ಮಾತು ಬಿಡುತ್ತಾನೆ. ಪರೀಕ್ಷೆ ಬಂದು ಹೋಗಿದೆ. ರಾತ್ರಿ ಹೊತ್ತು ಫೋನ್ ನೋಡುತ್ತಾನೆ.” ಇಷ್ಟು ಸಾಕು. ‘ನೊಂದಿದ್ದಾನೆ’, ‘ಒಂಟಿಯಾಗಿದ್ದಾನೆ’ ಎಂದು ಈಗಲೇ ಬರೆಯಬೇಡಿ. ಪದ್ಯದಲ್ಲಿ ಆ ಪದಗಳಿಲ್ಲ. ಈ ಹಂತ ಬಿಟ್ಟು ಮುಂದೆ ಹೋದವರು ಸಾಮಾನ್ಯವಾಗಿ ಕವಿಯ ಆಶಯ ಎಂಬ ಶೀರ್ಷಿಕೆಯಡಿ ತಮ್ಮದೇ ಭಾಷಣ ಬರೆದು ಬರುತ್ತಾರೆ.

ಆಮೇಲೆ ಪೆನ್ಸಿಲ್ ಹಿಡಿದು, ಮಾತಿನ ನೇರ ಅರ್ಥ ಹೊಂದದ ಕಡೆಯೆಲ್ಲ ಅಡಿಗೆರೆ ಹಾಕಿ. ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಮುಖ್ಯಾರ್ಥಬಾಧೆ ಎನ್ನುತ್ತಾರೆ. ಬೆಳಕನ್ನು ಕುಡಿಯಲಾಗದು, ಕನ್ನಡಿ ಮಾತಾಡದು, ಮನುಷ್ಯ ಗೇಟಾಗಲಾರ. ನೇರ ಅರ್ಥ ಮುರಿದುಬಿದ್ದ ಕಡೆ ಲಕ್ಷ್ಯಾರ್ಥ, ಅಂದರೆ ಅದಕ್ಕೆ ನಂಟಿರುವ ಬೇರೆ ಅರ್ಥ ಶುರುವಾಗುತ್ತದೆ, ಅದರ ಬೆನ್ನಿಗೆ ವ್ಯಂಗ್ಯಾರ್ಥ, ಅಂದರೆ ಹೇಳದೆಯೇ ಹೊಳೆಯುವ ಧ್ವನಿ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಕಾವ್ಯದ ಜೀವ ಇರುವುದು ಇಲ್ಲೇ ಎಂದ. ಹರೆಯದ ಪದ್ಯಗಳಿಗೆ ಅವನ ಮಾತು ಚೆನ್ನಾಗಿ ಒಪ್ಪುತ್ತದೆ.

ಅಂಗ, ಅಂತ, ಅಂತೆ

ಉಪಮೆಯನ್ನು ಗುರುತಿಸುವಾಗ ಹೆಚ್ಚಿನವರು ಎಡವುವುದು ವಾಚಕಪದದಲ್ಲಿ, ಅಂದರೆ ಹೋಲಿಕೆ ತೋರಿಸುವ ಪದದಲ್ಲಿ. ‘ಅಂತೆ’ ಕಂಡ ಕೂಡಲೇ ಉಪಮಾಲಂಕಾರ ಎಂದು ಬರೆದುಬಿಡುತ್ತಾರೆ. ಪುಸ್ತಕದ ಕನ್ನಡದಲ್ಲಿ ಈ ‘ಅಂತೆ’ಗೆ ಮೂರು ಕೆಲಸಗಳಿವೆ. ನಾಮಪದದ ಮುಂದೆ ಬಂದರೆ ಹೋಲಿಕೆ: ಮಲ್ಲಿಗೆಯಂತೆ. ‘ಬಂದ’ ಎಂಬ ಕೃದಂತದ ಮುಂದೆ ಬಂದರೆ ರೀತಿ ಅಥವಾ ಕಲ್ಪನೆ: ಬಂದಂತೆ. ಪೂರ್ಣ ಕ್ರಿಯಾಪದದ ಮುಂದೆ ಬಂದರೆ ಅದು ಯಾರೋ ಹೇಳಿದ ಸುದ್ದಿ: ಬಂದನಂತೆ. ಮೂರನೆಯದರಲ್ಲಿ ಹೋಲಿಕೆಯೇ ಇಲ್ಲ.

ನಮ್ಮ ಭಾಗದ ಮಾತಿನಲ್ಲಿ ಈ ತೊಡಕು ಅರ್ಧ ಕಡಿಮೆ. ಹೋಲಿಕೆಗೆ ‘ಅಂಗ’, ‘ಹಂಗ’, ‘ಗತೆ’ ಬರುತ್ತವೆ, ಸುದ್ದಿಗೆ ‘ಅಂತ’ ಬರುತ್ತದೆ. ‘ಜಾಲಿ ಇದ್ದಂಗ’ ಹೋಲಿಕೆ. ‘ನೀರು ಬಿಟ್ಟಾರಂತ’ ಕೇಳಿಬಂದ ಸುದ್ದಿ. ಆದರೂ ಒಂದು ಕಡೆ ಎಚ್ಚರ ಬೇಕು. ನಾಲ್ಕನೆಯ ಸಾಲಿನ ‘ಕೇಳಂಗಿಲ್ಲ’ದಲ್ಲಿ ‘ಅಂಗ’ ಕಾಣಿಸುತ್ತದೆ, ಆದರೆ ಅಲ್ಲಿ ಅದು ಕೇಳುವುದಿಲ್ಲ ಎಂಬ ನಿಷೇಧ ಮಾತ್ರ. ಅಡಿಗೆರೆ ಹಾಕುವ ಮುನ್ನ ಇಂಥವನ್ನು ಬೇರೆ ಮಾಡಿ.

ಆಡುಮಾತಿನ ಪದ್ಯಕ್ಕೆ ಅಲಂಕಾರಶಾಸ್ತ್ರ ಹೊಂದುವುದಿಲ್ಲವೆಂದು ಹಿಂಜರಿಯುವ ವಿದ್ಯಾರ್ಥಿಗಳಿದ್ದಾರೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗ, ಅಲಂಕಾರಗಳ ಮೇಲಿನದೇ. ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಅದು ಹೆಸರಿಸುವ ನಾಲ್ಕು ಊರುಗಳಲ್ಲಿ ಮಹಾಕೊಪಣ, ಅಂದರೆ ಇಂದಿನ ಕೊಪ್ಪಳವೂ ಒಂದು. ಉತ್ತರ ಬರೆಯುವಾಗ ಪದ್ಯದ ಸಾಲನ್ನು ಇದ್ದ ಹಾಗೆಯೇ ಉದ್ಧರಿಸಿ. ‘ಬಿಟ್ಟೈತಿ’ಯನ್ನು ‘ಬಿಟ್ಟಿದೆ’ ಎಂದು ತಿದ್ದಿದರೆ ಆ ಹುಡುಗನ ದನಿಯೇ ಹೋಗುತ್ತದೆ.

ನುಡಿಗಟ್ಟೋ, ಹೊಸ ರೂಪಕವೋ

ಅಡಿಗೆರೆ ಹಾಕಿದ್ದೆಲ್ಲ ಕವಿಯ ಸೃಷ್ಟಿಯಾಗಿರುವುದಿಲ್ಲ. ‘ತಲಿ ತಿನ್ನಬ್ಯಾಡ’, ‘ಹೊಟ್ಟಿ ಉರಿ’ ಇವೂ ಒಂದು ಕಾಲಕ್ಕೆ ರೂಪಕಗಳೇ, ಈಗ ಬಳಸಿ ಬಳಸಿ ಸವೆದಿವೆ. ಪರೀಕ್ಷಿಸುವುದು ಸುಲಭ: ಆ ಜಾಗದಲ್ಲಿ ಸಾದಾ ಮಾತು ಇಟ್ಟು ನೋಡಿ. ‘ತಲಿ ತಿನ್ನಬ್ಯಾಡ’ ಇದ್ದಲ್ಲಿ ‘ಕಾಡಬ್ಯಾಡ’ ಇಟ್ಟರೆ ಏನೂ ಕಳೆಯುವುದಿಲ್ಲ. ಕಳೆಯದಿದ್ದರೆ ನುಡಿಗಟ್ಟು, ಕಳೆದರೆ ಜೀವಂತ ರೂಪಕ.

ಸವೆದ ನುಡಿಗಟ್ಟಿಗೆ ಕವಿ ಮತ್ತೆ ಜೀವ ಕೊಡುವುದೂ ಉಂಟು. ಹರೆಯದ ಪದ್ಯಗಳಲ್ಲಿ ಇದು ಮೇಲಿಂದ ಮೇಲೆ ಸಿಗುತ್ತದೆ, ಗಮನಿಸುವವರು ಕಡಿಮೆ. ‘ದನಿ ಒಡಿಯೋದು’ ದಿನನಿತ್ಯದ ಮಾತು: ಹುಡುಗರ ಧ್ವನಿಪೆಟ್ಟಿಗೆ ಬೆಳೆದು, ಧ್ವನಿತಂತುಗಳು ಉದ್ದವೂ ದಪ್ಪವೂ ಆಗಿ ದನಿ ತಗ್ಗುತ್ತದೆ, ನಡುವೆ ಕೆಲವು ಕಾಲ ಒಡೆದೊಡೆದು ಬರುತ್ತದೆ. ಪದ್ಯ ಇದಕ್ಕೆ ‘ಎರಡಾತು’ ಎಂಬ ಒಂದೇ ಪದ ಸೇರಿಸಿದೆ. ಅಲ್ಲಿಗೆ ‘ಒಡದು’ ನಿಜವಾಗಿಯೇ ಒಡೆಯುತ್ತದೆ, ಮನೆಯಲ್ಲಿ ಒಬ್ಬ, ಬಸ್‌ಸ್ಟ್ಯಾಂಡಿನಲ್ಲಿ ಇನ್ನೊಬ್ಬ. ‘ಮಾತು ಬಿಟ್ಟೈತಿ’ಯಲ್ಲೂ ಇದೇ ಕೆಲಸ ನಡೆದಿದೆ. ಮಾತು ಬಿಡುವುದೆಂದರೆ ಮುನಿಸಿನಿಂದ ಮಾತಾಡದಿರುವುದು. ಹಾಗಾದರೆ ಕನ್ನಡಿ ಮೊದಲು ಮಾತಾಡುತ್ತಿತ್ತು, ಸಲಿಗೆಯಿತ್ತು, ಜಗಳವಾಯಿತು ಎಂದಾಯಿತು. ಇದನ್ನು ಮಾನವೀಕರಣ ಎಂದು ಕರೆದು ನಿಲ್ಲಿಸಿದರೆ ಜಗಳದ ಅಂಶ ತಪ್ಪಿಹೋಗುತ್ತದೆ. ಹುಡುಗನಿಗೆ ತನ್ನ ಮುಖದೊಂದಿಗೇ ಮುನಿಸು ಎಂಬುದು ಆ ಎರಡು ಪದಗಳಲ್ಲಿದೆ.

ಆರು ಕಾಲಮ್ಮಿನ ಪಟ್ಟಿ

ಜೀವಂತವೆಂದು ಉಳಿದ ಪ್ರತಿಯೊಂದಕ್ಕೂ ನೋಟ್‌ಬುಕ್ಕನ್ನು ಅಡ್ಡ ತಿರುಗಿಸಿ ಒಂದು ಸಾಲು ಕೊಡಿ. ಮೊದಲ ನಾಲ್ಕು ಕಾಲಮ್ಮುಗಳು ಪಠ್ಯದಲ್ಲಿ ಕಲಿತವೇ: ಉಪಮೇಯ (ಹೋಲಿಸಲ್ಪಡುವುದು), ಉಪಮಾನ (ಯಾವುದಕ್ಕೆ ಹೋಲಿಸಿದೆಯೋ ಅದು), ಸಮಾನಧರ್ಮ (ಎರಡಕ್ಕೂ ಇರುವ ಒಂದೇ ಗುಣ), ವಾಚಕಪದ. ಐದನೆಯದು ‘ಹೊಂದದ ಭಾಗ’, ಅಂದರೆ ಹೋಲಿಕೆ ಸರಿಯಾಗಿ ಕೂಡದ ಜಾಗ; ಆರನೆಯದು ‘ಯಾರ ಮಾತು’. ವಿಶ್ಲೇಷಣೆಯ ತೂಕವೆಲ್ಲ ಈ ಕೊನೆಯ ಎರಡರ ಮೇಲಿದೆ.

ಜಾಲಿಯ ಸಾಲನ್ನು ತುಂಬಿ ನೋಡಿ. ಉಪಮಾನ ಬಳ್ಳಾರಿ ಜಾಲಿ, ಸಮಾನಧರ್ಮ ಬೆಳೆಯುವುದು, ವಾಚಕ ‘ಇದ್ದಂಗ’. ಉಪಮೇಯ ಎಲ್ಲಿ? ‘ಅವ’ ಎಂಬ ಸರ್ವನಾಮ ಸಾಲಿನಲ್ಲಿಲ್ಲ. ಹಾಗೆಂದು ಲುಪ್ತೋಪಮೆ, ಅಂದರೆ ಒಂದು ಅಂಗ ಬಿಟ್ಟುಹೋದ ಉಪಮೆ ಎನ್ನಲು ಅವಸರ ಮಾಡಬೇಡಿ. ‘ಬೆಳದಾನ’ದ ಕೊನೆಯ ಆಖ್ಯಾತಪ್ರತ್ಯಯ ಪುಲ್ಲಿಂಗ, ಏಕವಚನ, ಪ್ರಥಮಪುರುಷ (‘ಅವನು’) ಮೂರನ್ನೂ ಹೇಳಿಬಿಟ್ಟಿದೆ. ನಾಲ್ಕೂ ಅಂಗ ಇರುವುದರಿಂದ ಇದನ್ನು ಪೂರ್ಣೋಪಮೆ ಎಂದೇ ಸಮರ್ಥಿಸಬಹುದು.

ಮುಂದಿನ ಎರಡು ಕಾಲಮ್ಮು ತುಂಬಲು ಉಪಮಾನದ ಬಗ್ಗೆಯೇ ತಿಳಿದಿರಬೇಕು. ಬಳ್ಳಾರಿ ಜಾಲಿ ಇಲ್ಲಿನ ಮೂಲದ ಗಿಡವಲ್ಲ. ಅಮೆರಿಕ ಖಂಡದ ಒಣನಾಡಿನಿಂದ ಬ್ರಿಟಿಷರ ಕಾಲದಲ್ಲಿ ಬಂದು ಊರಿನ ಹೆಸರನ್ನೇ ಹೊತ್ತು ನಿಂತಿದೆ. ಬೇರು ತುಂಬ ಆಳಕ್ಕೆ ಇಳಿಯುತ್ತದೆ, ಯಾರೂ ನೀರು ಹಾಕಬೇಕಿಲ್ಲ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಎಲೆಯನ್ನು ದನ ಮೂಸುವುದಿಲ್ಲ. ಸಿಹಿ ಕಾಯನ್ನು ಕುರಿ ಮೇಕೆ ತಿಂದು ಬೀಜವನ್ನು ಊರೆಲ್ಲ ಹರಡುತ್ತವೆ. ಮೈತುಂಬ ಮುಳ್ಳು. ಒಲೆಗೆ, ಇದ್ದಿಲಿಗೆ ಮಾತ್ರ ಒಳ್ಳೆಯ ಕಟ್ಟಿಗೆ. ಇಷ್ಟು ಗೊತ್ತಿದ್ದವರು ‘ಬೇಗ ಎತ್ತರವಾದ’ ಎಂಬಲ್ಲಿಗೆ ನಿಲ್ಲುವುದಿಲ್ಲ. ತಾಯಿಯ ಮಾತಿನಲ್ಲಿ ಹೆಮ್ಮೆ ಇರಬಹುದು, ಬೇಸರವೂ ಇರಬಹುದು: ಯಾರಿಗೂ ಬೇಡವಾದ ಗಿಡ, ಕಡಿದರೂ ಹೋಗದ್ದು. ಯಾವುದೆಂದು ಪದ್ಯ ತೀರ್ಮಾನಿಸಿಲ್ಲ, ನೀವೂ ತೀರ್ಮಾನಿಸಬೇಕಿಲ್ಲ; ಎರಡೂ ಸಾಧ್ಯ ಎಂದು ಬರೆಯಿರಿ.

ಇನ್ನು ಯಾರ ಮಾತು? ಹೋಲಿಕೆ ತಾಯಿಯದು, ‘ನೋಡಂತಾಳ’ ಇದೆ. ಮರುಸಾಲು ಹುಡುಗನದು. ತಾಯಿ ಕೊಟ್ಟ ಹೋಲಿಕೆಯನ್ನೇ ಅವನು ಹಿಡಿದು ತಿರುಗಿಸುತ್ತಾನೆ: ನೀರಿಲ್ಲದೆ ಬೆಳೆಯಿತು ಎನ್ನುತ್ತೀರಲ್ಲ, ನೀರು ಹಾಕಿದವರು ಯಾರೆಂದು ಯಾಕೆ ಕೇಳುವುದಿಲ್ಲ? ದೊಡ್ಡವರು ಅಂಟಿಸಿದ ಹೋಲಿಕೆ, ಅದಕ್ಕೆ ಮಕ್ಕಳ ಎದುರುತ್ತರ. ಹರೆಯದ ಪದ್ಯದಲ್ಲಿ ಈ ಜೋಡಿ ಎಲ್ಲಿದೆ ಎಂದು ಹುಡುಕುವುದನ್ನು ರೂಢಿ ಮಾಡಿಕೊಳ್ಳಿ.

ಗೇಟಿನ ರೂಪಕ, ಅದರ ಎಲ್ಲೆ

‘ಅಪ್ಪ ಒಂದು ಗೇಟು’ ಎಂಬಲ್ಲಿ ವಾಚಕಪದವಿಲ್ಲ, ಉಪಮೇಯ ಉಪಮಾನಗಳಿಗೆ ಅಭೇದ ಹೇಳಿದೆ, ಹಾಗಾಗಿ ರೂಪಕ. ‘ಗೇಟು ಇದ್ದಂಗ’ ಎಂದಿದ್ದರೆ ಏನು ಬದಲಾಗುತ್ತಿತ್ತು ಎಂದು ಕೇಳಿಕೊಳ್ಳಿ. ಹೋಲಿಕೆಯಲ್ಲಿ ತಂದೆ ತಂದೆಯಾಗಿಯೇ ಉಳಿದು ಒಂದು ಗುಣದಲ್ಲಿ ಮಾತ್ರ ಗೇಟಿಗೆ ಸಮನಾಗುತ್ತಿದ್ದ. ರೂಪಕದಲ್ಲಿ ಮನುಷ್ಯ ಕಾಣೆಯಾಗಿ ಕಬ್ಬಿಣ ಉಳಿದಿದೆ.

ಕಾಲುವೆಯ ಗೇಟು ಎತ್ತಿದರೆ ನೀರು ಹೋಗುತ್ತದೆ, ಇಳಿಸಿದರೆ ನಿಲ್ಲುತ್ತದೆ. ಇಲ್ಲಿ ಎತ್ತಿದಾಗ ಹರಿಯುವುದು ಬೈಗಳ. ನೀರನ್ನು ನಿರೀಕ್ಷಿಸಿದ ಓದುಗನಿಗೆ ಬೈಗಳ ಸಿಗುವ ಈ ಜಾಗವೇ ‘ಹೊಂದದ ಭಾಗ’. ಇನ್ನೊಂದು ಸಂಗತಿಯೂ ಇದೆ. ಗೇಟು ತಾನಾಗಿ ಏಳುವುದಿಲ್ಲ, ಯಾರೋ ಎತ್ತಬೇಕು. ತಂದೆಯ ಮೇಲೆ ಯಾರ ಕೈ ಇದೆ? ಸಾಲವೋ, ಕೂಲಿಯೋ, ಅವನ ಅಪ್ಪ ಅವನೊಂದಿಗೆ ಇದ್ದ ರೀತಿಯೋ, ಪದ್ಯ ಹೇಳಿಲ್ಲ. ‘ರೂಪಕ ಈ ಪ್ರಶ್ನೆಗೆ ಜಾಗ ಬಿಟ್ಟಿದೆ’ ಎಂದು ಬರೆಯುವುದು ಸರಿ. ‘ತಂದೆ ಸಾಲದಲ್ಲಿದ್ದಾನೆ’ ಎಂದು ಬರೆಯುವುದು ತಪ್ಪು.

ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದೇ ಸಾಲಿನಿಂದ ಇನ್ನೊಂದು ಉದಾಹರಣೆ. ಗೇಟು ಎಂದ ಕೂಡಲೇ ಈ ಭಾಗದ ಓದುಗರಿಗೆ 2024ರ ಆಗಸ್ಟ್ 10ರ ರಾತ್ರಿ ನೆನಪಾಗುತ್ತದೆ; ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ‘ತಂದೆಯೂ ಹೀಗೆ ಒಂದು ದಿನ ಒಡೆಯುತ್ತಾನೆ ಎಂಬ ಸೂಚನೆ’ ಎಂದು ಬರೆಯಲು ಆಸೆಯಾಗುತ್ತದೆ. ಸಾಲನ್ನು ಮತ್ತೆ ಓದಿ. ಅಲ್ಲಿರುವುದು ‘ಒಣ ಕಾಲುವಿ’, ಹಾಗಾಗಿ ಗೇಟು ಕಾಲುವೆಯದು, ಜಲಾಶಯದ ಕ್ರೆಸ್ಟ್‌ಗೇಟಲ್ಲ. ಗೇಟು ಮುರಿಯುವ ಮಾತು ಇಡೀ ಪದ್ಯದಲ್ಲಿಲ್ಲ. ಯಾವುದೇ ವ್ಯಾಖ್ಯಾನಕ್ಕೆ ಪದ್ಯದೊಳಗಿನ ಒಂದು ಪದವನ್ನಾದರೂ ಬೆರಳಿಟ್ಟು ತೋರಿಸಲು ಬರಬೇಕು. ಬಾರದಿದ್ದರೆ ಅದು ನಿಮ್ಮ ನೆನಪು, ಪದ್ಯದ ಅರ್ಥವಲ್ಲ.

ಪರೀಕ್ಷೆಯ ಸಾಲಿಗೆ ಇಷ್ಟು ಹೊತ್ತು ಬೇಕಿಲ್ಲ. ಬಾಗಿಲು ಬಡಿದು ಹೆಸರು ಕೇಳುವವರು ಸಾಲ ವಸೂಲಿಯವರೂ ಇರಬಹುದು, ಪೊಲೀಸರೂ ಇರಬಹುದು. ಉಪಮಾನವನ್ನು ಬಚ್ಚಿಟ್ಟು ಹೆದರಿಕೆಯನ್ನಷ್ಟೇ ಮುಂದಿಟ್ಟಿದೆ ಎಂದರೆ ಸಾಕು.

ಉಪಮಾನಗಳ ಬಳಗ

ಪಟ್ಟಿ ತುಂಬಿದ ಮೇಲೆ ಎರಡನೆಯ ಕಾಲಮ್ಮನ್ನು ಮಾತ್ರ ಮೇಲಿಂದ ಕೆಳಗೆ ಓದಿ. ಕನ್ನಡಿ, ಜಾಲಿ, ಗೇಟು ಮತ್ತು ಕಾಲುವೆ, ಕುಡಿಯುವ ಬೆಳಕು, ಕೊನಿ ಹೊಲ. ಐದರಲ್ಲಿ ನಾಲ್ಕು ನೀರಿಗೆ ಸಂಬಂಧಿಸಿದವು, ನಾಲ್ಕರಲ್ಲೂ ನೀರು ಇಲ್ಲದಿರುವುದೇ ವಿಷಯ. ಬಿಡಿ ಬಿಡಿಯಾಗಿ ನೋಡಿದಾಗ ಕಾಣದ್ದು ಇಲ್ಲಿ ಕಾಣುತ್ತದೆ. ಒಂದು ಪದ್ಯದ ಹೋಲಿಕೆಗಳು ಒಂದೇ ಬಳಗದಿಂದ ಬಂದಿದ್ದರೆ ಆ ಬಳಗವೇ ಪದ್ಯದ ಬೆನ್ನೆಲುಬು. ಬಳಗಕ್ಕೆ ಸೇರದ್ದನ್ನೂ ಕೇಳಿ: ಕನ್ನಡಿ, ದನಿ, ಪರೀಕ್ಷೆ ಯಾಕೆ ಹೊರಗುಳಿದವು? ಮೊದಲೆರಡು ಹುಡುಗನ ಮೈಗೆ ಸಂಬಂಧಿಸಿದ್ದು, ಮೂರನೆಯದು ಹೊರಗಿನಿಂದ ಬಂದದ್ದು. ನೀರಿನ ಬಳಗ ಅವನಿಗೂ ಮನೆಗೂ ನಡುವಿನದು.

ಫೋನಿನ ಸಾಲು ಈ ಬಳಗದೊಳಗೆ ಬಂದಾಗ ಅದರ ಅರ್ಥ ಬದಲಾಗುತ್ತದೆ. ಬಿಡಿಯಾಗಿ ಓದಿದರೆ ‘ಮೊಬೈಲ್ ಚಟದ ದುಷ್ಪರಿಣಾಮ’ ಎಂಬ ಪ್ರಬಂಧದ ಸಾಲಿನಂತೆ ಕಾಣಬಹುದು, ಹಲವರು ಹಾಗೆಯೇ ಬರೆಯುತ್ತಾರೆ. ಒಣ ಕಾಲುವೆಯ ನಂತರ ಓದಿದರೆ, ನೀರು ಸಿಗದವನು ಸಿಕ್ಕಿದ್ದನ್ನು ಕುಡಿಯುತ್ತಿದ್ದಾನೆ ಎಂದಾಗುತ್ತದೆ. ಕುಡಿದಷ್ಟೂ ನೀರಡಿಕೆ ಎಂಬ ವಿರೋಧಾಭಾಸ ಬೈಗುಳವಾಗಿ ಉಳಿಯದೆ ಅಳಲಾಗುತ್ತದೆ.

ಕೊನೆಯ ರೂಪಕ ಬಿಡಿಸಲು ಕಾಲುವೆ ನೀರಾವರಿ ಗೊತ್ತಿರಬೇಕು. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು ದಾಟಿ ರಾಯಚೂರಿನ ಕಡೆ 200 ಕಿಲೋಮೀಟರಿಗೂ ಹೆಚ್ಚು ಹರಿಯುತ್ತದೆ. ಮೇಲಿನವರು ಹೆಚ್ಚು ಎಳೆದುಕೊಂಡರೆ ಕೊನೆಯ ಭಾಗಕ್ಕೆ ತಡವಾಗಿ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ಕಾಲುವೆಗೆ ನೀರು ಬಿಟ್ಟ ಸುದ್ದಿ ಮಾತ್ರ ಅದೇ ದಿನ ಬರುತ್ತದೆ. ಈಗ ‘ಬಿಟ್ಟಾರಂತ’ದ ಕೆಲಸ ನೋಡಿ. ನೀರು ಬಿಟ್ಟಿಲ್ಲ ಎಂದು ಹುಡುಗ ದೂರುತ್ತಿಲ್ಲ. ಬಿಟ್ಟಿದ್ದಾರೆ ಎಂದು ಒಪ್ಪುತ್ತಾನೆ, ಅದು ತನಗೆ ಸುದ್ದಿಯಾಗಿ ಬಂದಿದೆ, ನೀರಾಗಿ ಬಂದಿಲ್ಲ. ಮನೆಯಲ್ಲಿ ಪ್ರೀತಿ ಇದೆ ಎಂದು ಅವನು ಕೇಳಿ ಬಲ್ಲ. ಪ್ರೀತಿ ಎಂಬ ಪದ ಪದ್ಯದಲ್ಲಿ ಒಮ್ಮೆಯೂ ಬಾರದೆ ಈ ಅರ್ಥ ಹೊಳೆಯುತ್ತದೆಯಲ್ಲ, ಧ್ವನಿ ಎಂದರೆ ಅದು.

ಬರೆಯುವಾಗ

ಒಂದು ಹೋಲಿಕೆಗೆ 80ರಿಂದ 120 ಪದಗಳ ಒಂದು ಪ್ಯಾರಾ ಕೊಡಿ. ಎಲ್ಲ ಅಲಂಕಾರಗಳನ್ನೂ ಬರೆಯಲು ಹೋಗದೆ ಮೂರನ್ನು ಆರಿಸಿ; ಒಂದು ಆರಂಭದ್ದು, ಒಂದು ಪದ್ಯ ತಿರುಗುವ ಜಾಗದ್ದು, ಒಂದು ಕೊನೆಯದು. ದುರ್ಬಲ ಉತ್ತರ ಹೀಗಿರುತ್ತದೆ: “ಇಲ್ಲಿ ರೂಪಕಾಲಂಕಾರವಿದೆ. ಕವಿ ತಂದೆಯನ್ನು ಗೇಟಿಗೆ ಹೋಲಿಸಿದ್ದಾರೆ. ಇದರಿಂದ ಪದ್ಯ ಸುಂದರವಾಗಿದೆ.” ಮೂರೂ ವಾಕ್ಯದಲ್ಲಿ ತೊಂದರೆ ಇದೆ. ಮೊದಲನೆಯದಕ್ಕೆ ಆಧಾರ ಕೊಟ್ಟಿಲ್ಲ. ಎರಡನೆಯದು ರೂಪಕ ಎಂದ ಮೇಲೆ ಹೋಲಿಸಿದ್ದಾರೆ ಎನ್ನುತ್ತದೆ. ಮೂರನೆಯದನ್ನು ಯಾವ ಪದ್ಯಕ್ಕೂ ಅಂಟಿಸಬಹುದು.

ಬದಲಿಗೆ ಹೀಗೆ: “‘ಅಪ್ಪ ಒಂದು ಗೇಟು’ ಎಂಬಲ್ಲಿ ವಾಚಕಪದವಿಲ್ಲದೆ ತಂದೆಗೂ ಗೇಟಿಗೂ ಅಭೇದ ಕಲ್ಪಿಸಿರುವುದರಿಂದ ಇದು ರೂಪಕ. ಗೇಟು ಎತ್ತಿದರೆ ನೀರು ಬರಬೇಕು. ಇಲ್ಲಿ ‘ಬೈಗಳ’ ಬರುತ್ತದೆ. ಇಳಿಸಿದರೆ ಉಳಿಯುವುದು ‘ಒಣ ಕಾಲುವಿ’ಯಂಥ ಮೌನ. ತೆರೆದರೂ ಮುಚ್ಚಿದರೂ ಹುಡುಗನಿಗೆ ನೀರಿಲ್ಲ. ಈ ಒಣಗು ಮುಂದೆ ‘ನೀರಡಿಕಿ’ಯಲ್ಲಿ, ‘ಕೊನಿ ಹೊಲ’ದಲ್ಲಿ ಮುಂದುವರಿಯುತ್ತದೆ.” ಹೆಸರು, ಆಧಾರ, ಹೊಂದದ ಭಾಗ, ಮುಂದಿನ ಸಾಲುಗಳ ನಂಟು, ಎಲ್ಲ ಬಂತು.

ಮಾತಾಡುವ ಹುಡುಗನನ್ನು ‘ಕವಿ’ ಎನ್ನದೆ ‘ನಿರೂಪಕ’ ಎನ್ನಿ. ‘ಖಿನ್ನತೆಯಿಂದ ಬಳಲುತ್ತಿದ್ದಾನೆ’ ಎಂಬ ವೈದ್ಯರ ಮಾತನ್ನು ಪದ್ಯಕ್ಕೆ ಹಚ್ಚಬೇಡಿ. ಪದ್ಯ ಒಂದು ಅನುಭವವನ್ನು ತೋರಿಸುತ್ತದೆ, ರೋಗದ ಹೆಸರು ಕೊಡುವುದಿಲ್ಲ. ನೀವು ಹೆಸರು ಕೊಟ್ಟ ಕೂಡಲೇ ಅಷ್ಟೂ ಹೋಲಿಕೆಗಳು ರೋಗಲಕ್ಷಣಗಳ ಪಟ್ಟಿಯಾಗುತ್ತವೆ. ಕತ್ತಲೆ ಎಂದರೆ ದುಃಖ, ಕೆಂಪು ಎಂದರೆ ರಕ್ತ ಎಂಬ ಸಿದ್ಧ ಸಂಕೇತಕೋಶವೂ ಬೇಡ. ಸಂಡೂರಿನ ಅದಿರಿನ ಧೂಳು ಕಂಡವರಿಗೆ ಕೆಂಪು ಬಟ್ಟೆಗೆ ಅಂಟುವ ಮಣ್ಣು.

ಪದ್ಯ ವಿದ್ಯಾರ್ಥಿಯದೇ ಆಗಿದ್ದರೆ

ಈ ಪಾಠದ ನಂತರ ಮಕ್ಕಳು ತಾವು ಬರೆದದ್ದನ್ನು ತಂದು ತೋರಿಸುತ್ತಾರೆ. ಆಗ ಆರು ಕಾಲಮ್ಮಿನ ಪಟ್ಟಿ ಬದಿಗಿಡಿ. ಹದಿಹರೆಯದ ಪದ್ಯದಲ್ಲಿ ಬೇಸರ, ಸಿಟ್ಟು ಸಹಜ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ. ಆದರೆ ಹೋಲಿಕೆಗಳು ಮತ್ತೆ ಮತ್ತೆ ಸಾವಿನ ಕಡೆ, ಮೈಗೆ ಗಾಯ ಮಾಡಿಕೊಳ್ಳುವ ಕಡೆ, ಎಲ್ಲ ಬಿಟ್ಟು ಹೋಗುವ ಕಡೆ ತಿರುಗುತ್ತಿದ್ದರೆ, ಅಲಂಕಾರ ಚೆನ್ನಾಗಿದೆ ಎಂದು ಸಹಿ ಹಾಕಿ ವಾಪಸು ಕೊಡಬೇಡಿ, ತರಗತಿಯಲ್ಲಿ ಓದಿಸಲೂಬೇಡಿ. ಒಬ್ಬರೇ ಇದ್ದಾಗ ಕೂರಿಸಿಕೊಂಡು ನೇರವಾಗಿ ಕೇಳಿ: “ಇದನ್ನ ಬರಿಯೋವಾಗ ನಿನಗ ಹೆಂಗ ಅನಸ್ತಿತ್ತಪಾ? ಜೀವ ಬ್ಯಾಡ ಅನಸ್ತದೇನು?” ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಹೆದರಿಕೆ ಬೇಡ, ಕೇಳುವುದರಿಂದ ಮಗುವಿಗೆ ಹೇಳಿಕೊಳ್ಳಲು ದಾರಿ ಸಿಗುತ್ತದೆ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ. ಹೌದು ಎಂದರೆ ಒಬ್ಬರನ್ನೇ ಬಿಡದೆ, ಮಗು ನಂಬುವ ಮನೆಯವರೊಬ್ಬರಿಗೂ ಮುಖ್ಯೋಪಾಧ್ಯಾಯರಿಗೂ ಅದೇ ದಿನ ತಿಳಿಸಿ. ಮನೆಯಲ್ಲೇ ಹಿಂಸೆ ಇದೆಯೆಂದು ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಶಿಕ್ಷಕರೂ ಕರೆ ಮಾಡಿ ಮುಂದೇನು ಮಾಡಬೇಕೆಂದು ಕೇಳಬಹುದು.